ಟೀಚರು ನೋಡಬೇಕಾಗಿದ್ದ ಕಲ್ಲು

ಟೀಚರ ಹವಾಯಿ ಚಪ್ಪಲಿಯಲ್ಲಿ ಎಡಗಾಲಿನ ಹಿಮ್ಮಡಿ ಕಾಗದದಷ್ಟು ತೆಳ್ಳಗೆ ಸವೆದಿರುತ್ತಿತ್ತು, ಬಲಗಾಲಿನದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಮೂವತ್ತು ವರ್ಷ ಕರಿಹಲಗೆಯ ಮುಂದೆ ಎಡಗಾಲಿನ ಮೇಲೆ ಭಾರ ಹಾಕಿ ನಿಂತು ಬರೆದದ್ದರಿಂದ ಹಾಗಾಯಿತು ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಅವರು ಕೂತದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಅಷ್ಟಾಗಿ ಕಂಡವರಲ್ಲ. ತಿಂಡಿ ನಿಂತೇ ತಿನ್ನುತ್ತಿದ್ದರು, ಪೇಪರನ್ನು ಅಂಗಳದಲ್ಲಿ ಓಡಾಡುತ್ತಲೇ ಓದುತ್ತಿದ್ದರು. ಕೂತುಕೊಳ್ಳಿ ಎಂದರೆ, "ಕೂತ್ರೆ ಕಾಲಿಗೆ ಇರುವೆ ಅತ್ತಿದಂಗಾಯ್ತದೆ ಕಣಮ್ಮಿ" ಎಂದು ಇನ್ನೊಂದು ಸುತ್ತು ಹಾಕಿ ಬರುತ್ತಿದ್ದರು.

ಹೊಳೆನರಸೀಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವರು ಮಲ್ಲಿಪಟ್ಟಣದ ಕಡೆಯ ಒಕ್ಕಲು ಮನೆತನದವರು. ಅಣ್ಣತಮ್ಮಂದಿರೆಲ್ಲ ಶುಂಠಿ, ಜೋಳ ಎಂದು ಜಮೀನು ನೋಡಿಕೊಂಡರೆ, ಇವರೊಬ್ಬರು ಓದಿ ಇಲ್ಲಿನ ಹೈಸ್ಕೂಲಿಗೆ ಸಮಾಜ ಪಾಠ ಮಾಡಲು ಬಂದು ಇಲ್ಲೇ ನಿಂತರು. ಮದುವೆಯಾಗಲಿಲ್ಲ. ಶಾಲೆಯಲ್ಲಿ ಪುಸ್ತಕದ ಕನ್ನಡ, ಗೋಡೆಯ ಹತ್ತಿರ ಮಾತ್ರ ಅವರೂರಿನ ಕನ್ನಡ. ಪುಸ್ತಕದ ಭಾಷೆಯಲ್ಲಿ ಬೈದರೆ ಕೋಪ ಬಂದಿದೆ ಎಂದೂ, ಊರಿನ ಭಾಷೆಯಲ್ಲಿ ಬೈದರೆ ಪ್ರೀತಿ ಎಂದೂ ನಾನು ತಿಳಿದುಕೊಂಡಿದ್ದೆ.

ನಾನು ಚನ್ನರಾಯಪಟ್ಟಣದಿಂದ ಸೊಸೆಯಾಗಿ ಈ ಮನೆಗೆ ಬಂದಾಗ ಎಸ್ಸೆಸ್ಸೆಲ್ಸಿ ಫೇಲಾದವಳು. ಅದೂ ಸಮಾಜದಲ್ಲಿ. ಇದು ಹೇಗೋ ಟೀಚರ ಕಿವಿಗೆ ಬಿತ್ತು. ಮಾರನೆಯ ದಿನದಿಂದ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಗೋಡೆಯ ಆಚೆ ಬಂದು ನಿಲ್ಲತೊಡಗಿದರು. ಬಗ್ಗಿ, ಒದ್ದೆ ಬೆರಳಿನಲ್ಲಿ ಗೋಡೆಯ ಮೇಲೆಯೇ ಕರ್ನಾಟಕದ ನಕ್ಷೆ ಬರೆಯುತ್ತಿದ್ದರು. ಅದು ಒಣಗಿ ಹೋಗುವುದರೊಳಗೆ ನಾನು ನದಿಗಳ ಹೆಸರು ಹೇಳಬೇಕು. ನಮ್ಮತ್ತೆಗೆ ಇದು ಇಷ್ಟವಿರಲಿಲ್ಲ, ಆದರೆ ಪಾತ್ರೆ ಬೆಳ್ಳಗಾಗುತ್ತಿದ್ದುದರಿಂದ ಸುಮ್ಮನಿದ್ದರು. ಎರಡು ವರ್ಷದ ಮೇಲೆ ನಾನು ಪಾಸಾದೆ. ಅದರಿಂದ ನನಗೆ ಕೆಲಸವೇನೂ ಸಿಗಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ನನ್ನ ಮಕ್ಕಳು ಓದುವಾಗ ಪಕ್ಕದಲ್ಲಿ ಕೂತು ತಪ್ಪು ತಿದ್ದುವಷ್ಟು ಧೈರ್ಯ ಬಂತು. ಇದು ಭಗವಂತ ಕೊಟ್ಟದ್ದೇ, ಕೊಡಿಸಿದವರು ಟೀಚರು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮತ್ತೆ ಇರುವ ತನಕ ಟೀಚರಿಗೆ ಕಾಫಿ ಕೊಡಲು ಬೇರೆ ಲೋಟ ಇತ್ತು. ಅದು ಕಿಟಕಿಯ ಕಟ್ಟೆಯ ಮೇಲೆ ಕವುಚಿಕೊಂಡಿರುತ್ತಿತ್ತು. ಅವರಿಗೂ ಅದು ತಿಳಿದಿತ್ತು. ಒಮ್ಮೆ ನಾನು ಮುಖ ತಗ್ಗಿಸಿಕೊಂಡು ಆ ಲೋಟ ಚಾಚಿದಾಗ, ಈ ಬೀದಿಯಲ್ಲಿ ತಮಗೇ ಅಂತ ಲೋಟ ಇರುವುದು ಇದೊಂದು ಮನೆಯಲ್ಲಿ ಮಾತ್ರ ಎಂದು ನಕ್ಕರು. ಅತ್ತೆ ಹೋದ ಮೇಲೆ ನಾನು ಆ ಲೋಟವನ್ನು ಒಳಗಿನ ಲೋಟಗಳ ಜೊತೆ ಸೇರಿಸಿದೆ. ಅವರು ಅದನ್ನೂ ಗಮನಿಸಿದರು.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಮಲ್ಪೆಯ ಎದುರಿಗೆ ಸಮುದ್ರದಲ್ಲಿ ಸೇಂಟ್ ಮೇರಿ ದ್ವೀಪ ಎಂದು ಒಂದಿದೆ. ಅಲ್ಲಿ ಕರಿಬಂಡೆ ಕಂಬಕಂಬವಾಗಿ, ಯಾರೋ ಕಡೆದು ಜೋಡಿಸಿಟ್ಟ ಹಾಗೆ ನಿಂತಿದೆ. ಮನುಷ್ಯರು ಕಡೆದದ್ದಲ್ಲ, ಭೂಮಿಯೊಳಗಿನ ಬೆಂಕಿಯ ರಸ ಹೊರಗೆ ಬಂದು ತಣ್ಣಗಾಗುವಾಗ ಹಾಗೆ ಬಿರಿದದ್ದು. ನಮ್ಮ ನೆಲಕ್ಕೆ ಮಡಗಾಸ್ಕರ್ ಅಂಟಿಕೊಂಡಿದ್ದ ಕಾಲದ್ದು. ಇದೆಲ್ಲ ಟೀಚರು ಹೇಳಿದ್ದು. ಪ್ರತಿ ವರ್ಷ ಕರಿಹಲಗೆಯ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಕಂಬಗಳನ್ನು ಬರೆದು ತೋರಿಸುತ್ತಿದ್ದರಂತೆ. ನನಗೆ ಇದು ತಲೆಗೆ ಹತ್ತಿರಲಿಲ್ಲ. ಒಂದು ಬೇಸಗೆಯಲ್ಲಿ ಅವರ ಕಾಟನ್ ಸೀರೆಗೆಂದು ಕಾರ್ನ್‌ಫ್ಲೋರ್ ಗಂಜಿ ಕಲಸಿ, ಉಳಿದದ್ದನ್ನು ಬೋಗುಣಿಯಲ್ಲಿ ತಾರಸಿಯ ಮೇಲೆ ಮರೆತುಬಿಟ್ಟಿದ್ದೆ. ಮೂರು ದಿನದ ಮೇಲೆ ನೋಡಿದರೆ ಒಣಗಿ ತಳದವರೆಗೂ ಬಿರುಕು ಬಿಟ್ಟಿತ್ತು. ಟೀಚರು ಒಂದು ತುಂಡನ್ನು ಎಳೆದರು. ಬೆರಳುದ್ದದ ಬಿಳಿಯ ಕಂಬ ಎದ್ದು ಬಂತು. ಅದನ್ನು ಹಿಡಿದುಕೊಂಡು ನಮ್ಮ ಅಡುಗೆಮನೆಯಲ್ಲಿ ಆ ಕಡೆಗೂ ಈ ಕಡೆಗೂ ಓಡಾಡಿದರು. ನಾನು ಗಂಜಿ ದಂಡವಾಯಿತೆಂದು ಬೇಸರ ಮಾಡಿಕೊಂಡಿದ್ದರೆ, ಇಷ್ಟು ವರ್ಷ ತಾವು ಬಾಯಲ್ಲಿ ಹೇಳಿದ್ದನ್ನು ಬೋಗುಣಿ ಮಾಡಿ ತೋರಿಸಿತು ಎಂದು ಅವರಿಗೆ ಸಂಭ್ರಮ.

ಇಷ್ಟಾದರೂ ಅವರು ಆ ಕಲ್ಲನ್ನು ಕಂಡವರಲ್ಲ. ಒಂದು ಸಲ ಶಾಲೆಯ ಪ್ರವಾಸದಲ್ಲಿ ಮಲ್ಪೆಯ ತನಕ ಹೋಗಿದ್ದರು. ಮಕ್ಕಳನ್ನು ದೋಣಿ ಹತ್ತಿಸಿ ಏನಾದರೂ ಆದರೆ ಯಾರು ಜವಾಬ್ದಾರಿ ಎಂದು ಹೆಡ್ಮಾಸ್ಟರು ಒಪ್ಪಲಿಲ್ಲ. ದಡದಲ್ಲಿ ನಿಂತು ದೂರದ ತೆಂಗಿನ ಮರಗಳ ಗೆರೆಯನ್ನು ಮಕ್ಕಳಿಗೆ ತೋರಿಸಿ ವಾಪಸು ಬಂದರು. ಆಮೇಲೆ ಹೋದರಾಯಿತು, ಹೋದರಾಯಿತು ಎಂದು ಉಳಿಯಿತು.

ಅವರಿಗೆ ಸಕ್ಕರೆ ಕಾಯಿಲೆ. ಕಾಫಿಗೆ ಸಕ್ಕರೆ ಬೇಡವೆಂದು ಜೋರಾಗಿ ಹೇಳಿ, ನಮ್ಮ ಮನೆಯ ಒಬ್ಬಟ್ಟನ್ನು ಮಾತ್ರ ಸದ್ದಿಲ್ಲದೆ ಎರಡು ತಿನ್ನುತ್ತಿದ್ದರು. ಕಾಯಿಲೆ ಮೊದಲು ಬಲಗಣ್ಣನ್ನು ತಿಂದಿತು. ಸಂಕ್ರಾಂತಿ ಕಳೆದ ಮೇಲಿನ ಒಂದು ಬುಧವಾರ ನಾನೇ ಅವರನ್ನು ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎಡಗಣ್ಣಿನ ನರಗಳೂ ಬಲಹೀನವಾಗಿವೆ, ಯಾವಾಗ ಬೇಕಾದರೂ ಒಳಗೆ ರಕ್ತ ಸೋರಬಹುದು, ಇಂಜೆಕ್ಷನ್ ಕೊಡೋಣ, ಆದರೆ ಏನೂ ಖಾತ್ರಿ ಹೇಳಲಾರೆ ಎಂದರು ಡಾಕ್ಟರು. ವಾಪಸು ಬಂದು ಊರ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಟೀಚರು ಅಲ್ಲೇ ನಿಂತು ಹೇಳಿದರು.

"ನಾನು ಆ ಕಲ್ಲು ನೋಡ್ಬೇಕು ಕಣಮ್ಮಿ. ಬರೋ ಭಾನ್ವಾರ ಓಗಾನ."

ನಾನು ಸಮುದ್ರವನ್ನೇ ನೋಡಿರಲಿಲ್ಲ. ಮೈ ಜುಮ್ಮೆಂದಿತು. ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದರೆ ಅವರು ಮೊದಲು ಪಂಚಾಂಗ ತೆಗೆದರು. ಅವರು ಕಚೇರಿಯಲ್ಲಿ ಗುಮಾಸ್ತರಾದರೂ ಅರ್ಚಕರ ಮನೆಯಲ್ಲಿ ಹುಟ್ಟಿದವರು. ಸಮುದ್ರವನ್ನು ಪರ್ವದಿನ ಬಿಟ್ಟು ಬೇರೆ ದಿನ ಮುಟ್ಟಬಾರದು ಎನ್ನುವುದು ನಮ್ಮ ಮನೆಯ ನಡಾವಳಿ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ದಿನಗಳಲ್ಲಿ ಸ್ನಾನ ಮಾಡಿದರೆ ಪುಣ್ಯ, ಮಿಕ್ಕ ದಿನ ದೂರದಿಂದ ಕೈಮುಗಿಯಬೇಕು ಅಷ್ಟೇ. ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ಆ ಭಾನುವಾರ ಅಷ್ಟಮಿ. ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನ, ಅದೂ ಭಾನುವಾರವೇ. ದ್ವೀಪದಲ್ಲಿ ದೋಣಿಯಿಂದ ಇಳಿಯುವಾಗ ಕಾಲು ನೀರಿಗೆ ತಾಗದೆ ಇರುವುದಿಲ್ಲ ಎಂದು ಯಾರೋ ಹೇಳಿದರು. ನಾನು ಗೋಡೆಯ ಹತ್ತಿರ ಹೋಗಿ, ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡುತ್ತಿದ್ದೇನೆ, ಅಪಚಾರ ಮಾಡಿಕೊಂಡು ನೋಡಲಾರೆ, ಅಮಾವಾಸ್ಯೆಗೆ ಹೋಗೋಣ ಎಂದೆ.

ಟೀಚರು ಓಡಾಡುವುದನ್ನು ನಿಲ್ಲಿಸಿದರು. "ಅಮಾಸೆಗೆ ನೀರು ಏರ್ತದೆ ಕಣಮ್ಮಿ. ನಿಂಗೆ ಈ ಗೋಡೆ ಮ್ಯಾಲೇ ಬರ್ದು ಯೋಳ್ಕೊಟ್ಟಿದ್ದೆ."

"ಏರಲಿ ಬಿಡಿ ಟೀಚರೇ, ನಿಮ್ಮ ಪಾಠದ ನೀರು. ಸ್ವಾಮಿ ಇದ್ದಾನೆ" ಎಂದೆ.

ಅವರು ನನ್ನನ್ನೇ ನೋಡಿದರು. ನಾನಿಲ್ಲದೆ ಅವರು ಹೋಗುವುದು ಸಾಧ್ಯವಿರಲಿಲ್ಲ. ಒಂದೇ ಕಣ್ಣು, ದೋಣಿ, ಬಂಡೆ. ಅದು ಇಬ್ಬರಿಗೂ ಗೊತ್ತಿತ್ತು. ಹಟ ಹಿಡಿದಿದ್ದರೆ ನಾನು ಬಗ್ಗುತ್ತಿದ್ದೆನೋ ಏನೋ. ಆದರೆ ಹಟಕ್ಕೆ ಬದಲು ಅವರು ನಕ್ಕರು. "ಆಗ್ಲಿ. ಅನ್ನೊಂದ್ ದಿನ ತಾನೆ. ಅಷ್ಟ್ರಲ್ಲಿ ಕಣ್ಣೇನು ಎದ್ದು ಓಡ್ ಓಗ್ತದಾ."

ಆ ಹನ್ನೊಂದು ದಿನ ಟೀಚರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಹೊಳೆಯ ಸೇತುವೆಯ ತನಕ ಹೋಗಿ ಬರುವರು, ಮತ್ತೆ ಸಂಜೆಯೂ ಹೋಗುವರು. ಚೀಲ ತುಂಬುವರು, ಖಾಲಿ ಮಾಡಿ ಮತ್ತೆ ತುಂಬುವರು. ಒಂದು ಕೈ ಎಡಗಣ್ಣಿನ ಮುಂದೆ ಹಿಡಿದು ಬೆರಳು ಎಣಿಸಿಕೊಳ್ಳುತ್ತಿದ್ದುದನ್ನು ನಾನು ಎರಡು ಸಲ ನೋಡಿದೆ. ನಡುವಿನ ಅಷ್ಟಮಿಯ ಭಾನುವಾರ ಬಂತು, ಹೋಯಿತು. ಅಂದು ಅವರು ಮೂರು ಸಲ ಸೇತುವೆಗೆ ಹೋಗಿ ಬಂದರು. ಮಂಗಳವಾರ ಮಾತ್ರ ಹೊರಗೆ ಕಾಣಿಸಲಿಲ್ಲ. ಗೋಡೆಯಿಂದ ಕೂಗಿದೆ. ಮಂಡಿ ನೋವು, ಮಲಗಿದ್ದೀನಿ ಎಂದರು. ಬುಧವಾರ ಹಾಸನಕ್ಕೆ ಹೋಗಿ ಇಂಜೆಕ್ಷನ್ ತಗೊಂಡು ಬಂದೆ ಎಂದರು. ಒಬ್ಬರೇ ಯಾಕೆ ಹೋದಿರಿ ಎಂದು ನಾನು ಕೋಪ ಮಾಡಿಕೊಂಡೆ. ಅಷ್ಟೇ. ಬೇರೆ ಏನೂ ನನಗೆ ತೋಚಲಿಲ್ಲ. ನನ್ನ ಮನಸ್ಸೆಲ್ಲ ಸ್ನಾನದ ಸಂಕಲ್ಪದಲ್ಲಿತ್ತು, ಅರಿಸಿನ ಕುಂಕುಮದ ಪೊಟ್ಟಣದಲ್ಲಿತ್ತು.

ಶನಿವಾರ ಹಾಸನದಿಂದ ಉಡುಪಿಯ ಬಸ್ಸು, ಯಜಮಾನರೂ ಜೊತೆಗೆ ಬಂದರು. ಟೀಚರು ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು. ಅದನ್ನು ನಾನು ಆ ದಿನದ ಪುಣ್ಯಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ಎರಡನೆಯದು, ಶಿರಾಡಿ ಘಾಟಿಯಲ್ಲಿ ನನಗೆ ವಾಂತಿಯಾಗಲಿಲ್ಲ. ದಾರಿಯುದ್ದಕ್ಕೂ ಅವರು, ಈಗ ಏನು ಕಾಣುತ್ತಿದೆ, ಹೊಳೆ ಯಾವ ಕಡೆಗಿದೆ, ಮಣ್ಣು ಕೆಂಪೋ ಕಪ್ಪೋ ಎಂದು ಕೇಳುತ್ತಲೇ ಇದ್ದರು. ಈ ವಯಸ್ಸಿನಲ್ಲೂ ನನ್ನ ಪರೀಕ್ಷೆ ಬಿಡಲಿಲ್ಲವಲ್ಲ ಎಂದು ನಾನು ಉತ್ತರ ಹೇಳುತ್ತಾ ಹೋದೆ. ಉಡುಪಿಯಲ್ಲಿ ಕೃಷ್ಣನ ದರ್ಶನವಾಯಿತು. ನೂಕುನುಗ್ಗಲಿನಲ್ಲಿ ಟೀಚರು ನನ್ನ ಸೆರಗನ್ನು ಕೈಗೆ ಸುತ್ತಿಕೊಂಡು ಬಂದರು.

ಅಮಾವಾಸ್ಯೆಯ ಬೆಳಿಗ್ಗೆ, ಬೆಳಕು ಹರಿಯುತ್ತಿದ್ದ ಹಾಗೆ ಮಲ್ಪೆಯ ದಡಕ್ಕೆ ಹೋದೆವು. ಸಮುದ್ರವನ್ನು ಏನೆಂದು ಬರೆಯಲಿ. ನಿಲ್ಲುವುದೇ ಇಲ್ಲವಲ್ಲ ಎಂದು ನನಗೆ ಗಾಬರಿಯಾಯಿತು. ನಮ್ಮ ಹೇಮಾವತಿ ಒಂದು ಕಡೆಗೆ ಹೋಗುತ್ತಾಳೆ, ಇದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಯಜಮಾನರು ಸಂಕಲ್ಪ ಹೇಳಿದರು. ನಾನು ಮೂರು ಮುಳುಗು ಹಾಕಿದೆ. ಟೀಚರು ನನ್ನ ಕೈ ಹಿಡಿದು ಕಣಕಾಲಿನವರೆಗಿನ ನೀರಿನಲ್ಲಿ ನಿಂತಿದ್ದರು. "ಕೈ ಬುಡ್ಬ್ಯಾಡ" ಎಂದರು. ನನ್ನ ಭಯಕ್ಕೆ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡು, ಇಲ್ಲ ಟೀಚರೇ, ನನಗೀಗ ಹೆದರಿಕೆ ಹೋಯಿತು ಎಂದು ಹೇಳಿದೆ.

ದೋಣಿ ಬಿಟ್ಟಾಗ ಹತ್ತು ಗಂಟೆಯ ಮೇಲಾಗಿತ್ತು. ಬೆಳಿಗ್ಗೆ ಅಷ್ಟು ದೂರ ಮರಳು ಬಿಟ್ಟಿದ್ದ ನೀರು ಈಗ ಮೇಲಕ್ಕೆ ಬಂದುಬಿಟ್ಟಿತ್ತು. ದೋಣಿಯವನು ಜನರ ಚೀಲದಲ್ಲಿ ಪ್ಲಾಸ್ಟಿಕ್ ಇದೆಯೇ ಎಂದು ನೋಡುತ್ತಾ ಬಂದು, ನಮ್ಮ ಯಜಮಾನರ ಒದ್ದೆ ಪಂಚೆ, ಹಣೆಯ ನಾಮ ಕಂಡು ನಿಂತ.

"ನೀವು ಗಟ್ಟದ ಮೇಲಿನವರು ಇದೊಂದು ದಿನವೇ ಬರುದಲ್ವಾ ಮಾರಾಯ್ರೆ. ಅಮಾಸೆಗೆ ನೀರು ಜೋರುಂಟು. ಒಳ್ಳೆ ಕಲ್ಲೆಲ್ಲ ಅಡಿಗೆ ಹೋಗಿದೆ. ಮೊನ್ನೆ ಅಷ್ಟಮಿಗೆ ಬಂದಿದ್ರೆ ಮಧ್ಯಾಹ್ನವೇ ಇಳಿದಿರ್ತಿತ್ತು."

ನಾನು ಟೀಚರ ಮುಖ ನೋಡಿದೆ. ಅವರು ಗಾಳಿಗೆ ಮುಖವೊಡ್ಡಿ ಕೂತಿದ್ದರು. ಹೌದು, ಕೂತಿದ್ದರು. ಅವರು ಆ ಮೊದಲ ಭಾನುವಾರವನ್ನು ಸುಮ್ಮನೆ ಆರಿಸಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ದ್ವೀಪ ಚಿಕ್ಕದು. ನಡುವೆ ತೆಂಗಿನ ಮರ, ಸುತ್ತ ಬಂಡೆ. ಸಮುದ್ರದ ಕಡೆಯ ಬಂಡೆಗೆ ಹೋಗದಂತೆ ಕೆಂಪು ಬಾವುಟ ನೆಟ್ಟಿದ್ದರು. ಯಾರಾದರೂ ಫೋನು ಹಿಡಿದು ಆ ಕಡೆ ಸರಿದರೆ ಕಾವಲಿನವರು ಸೀಟಿ ಊದುತ್ತಿದ್ದರು. ವಾಪಸಿನ ದೋಣಿಗೆ ನಮಗೆ ಒಂದು ಗಂಟೆ ಸಮಯ. ಯಜಮಾನರು ನೆರಳಿನಲ್ಲಿ ಉಳಿದರು. ನಾವಿಬ್ಬರೂ ದ್ವೀಪದ ನಡುಮಟ್ಟದಲ್ಲಿ ನೀರಿಗೆ ಸಿಗದೆ ನಿಂತಿದ್ದ ಕಂಬಗಳ ಕಡೆಗೆ ನಡೆದೆವು. ಟೀಚರು ನನ್ನ ಭುಜ ಹಿಡಿದುಕೊಂಡು, ಎಂದೂ ಇಲ್ಲದಷ್ಟು ನಿಧಾನ ಹೆಜ್ಜೆ ಇಟ್ಟರು. ಮಂಡಿ ನೋವು ಎಂದು ನಾನೂ ನಿಧಾನ ಮಾಡಿದೆ.

"ಬಂತಾ?" ಎಂದರು.

"ಮುಂದೆನೇ ಇದೆಯಲ್ಲ ಟೀಚರೇ."

"ಎಷ್ಟು ಮೂಲೆ?"

"ನೀವೇ ನೋಡಿ."

ಅವರು ಕೈ ಚಾಚಿದರು. ಕಲ್ಲು ಅವರ ಎದುರಿಗೇ ಇತ್ತು. ಕೈ ಅದರ ಪಕ್ಕದಲ್ಲಿ, ಒಂದು ಗೇಣು ಆಚೆ, ಗಾಳಿಯಲ್ಲಿ ಹುಡುಕಿತು. ಮತ್ತೊಮ್ಮೆ ಹುಡುಕಿತು.

"ನಂಗೆ ಕಾಣಾಕಿಲ್ಲ ಕಣಮ್ಮಿ" ಎಂದರು, ತೀರ ಸಾಮಾನ್ಯ ಮಾತಿನ ಹಾಗೆ. "ಮಂಗಳವಾರದಿಂದ."

ಮಂಗಳವಾರ ಬೆಳಿಗ್ಗೆ ಕಣ್ಣೊಳಗೆ ಒಂದು ಕೆಂಪು ದಾರ ಬಂತಂತೆ. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಮಸಿ ಸುರಿದ ಹಾಗಾಯಿತಂತೆ. ಬುಧವಾರ ಕಂಡಕ್ಟರನನ್ನು ಕೇಳಿಕೊಂಡು ಬಸ್ಸು ಹತ್ತಿ ಹಾಸನಕ್ಕೆ ಹೋದರೆ, ಡಾಕ್ಟರು, ಅಲುಗಾಡದೆ ತಲೆ ಎತ್ತರಿಸಿ ಮಲಗಿ, ರಕ್ತ ಇಳಿಯದಿದ್ದರೆ ಆಪರೇಷನ್ ಎಂದರಂತೆ. ಇಷ್ಟನ್ನು ಅವರು ಆ ಕಲ್ಲಿನ ಮುಂದೆ ನಿಂತು ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂಬುದನ್ನೂ ಅವರೇ ಹೇಳಿದರು, "ಯೋಳಿದ್ರೆ ನೀನು ಬತ್ತಿರ್ಲಿಲ್ಲ. ನಿನ್ ಸಮುದ್ರಾನೂ ಓಗ್ತಿತ್ತು, ನನ್ ಕಲ್ಲೂ ಓಗ್ತಿತ್ತು. ಒಂದಾದ್ರೂ ಉಳೀಲಿ ಅಂತ."

ನಾನು ಅಲ್ಲೇ ಕೂತುಬಿಟ್ಟೆ. ಅಷ್ಟಮಿಯ ಭಾನುವಾರ ಬಂದಿದ್ದರೆ ಅವರಿಗೆ ಕಣ್ಣಿತ್ತು. ಮಧ್ಯಾಹ್ನ ನೀರೂ ಇಳಿದಿರುತ್ತಿತ್ತು. ಎರಡನ್ನೂ ನಾನು ಒಂದು ಮುಳುಗಿಗೆ ಕೊಟ್ಟುಬಿಟ್ಟೆ. ಇನ್ನೂ ಒದ್ದೆಯಾಗಿದ್ದ ನನ್ನ ಜಡೆ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಅಳುವುದು ನಿಲ್ಲಲೇ ಇಲ್ಲ. ಆಗ ಟೀಚರು ಪುಸ್ತಕದ ಕನ್ನಡಕ್ಕೆ ಬದಲಾದರು.

"ಎದ್ದು ನಿಲ್ಲು. ಅಳುವುದಕ್ಕೆ ಊರಿಗೆ ಹೋದ ಮೇಲೆ ಸಮಯವಿದೆ. ಇಲ್ಲಿರುವುದು ಒಂದೇ ಗಂಟೆ. ಎಣಿಸು."

ಎದ್ದು ನಿಂತೆ. ಅವರ ಕೈಯನ್ನು ಕಲ್ಲಿನ ಮೇಲೆ ಇಟ್ಟೆ. ಬಿಸಿಲಿಗೆ ಕಾದಿತ್ತು. ಅವರ ಬೆರಳು ಏಣಿನ ಗುಂಟ ಇಳಿಯಿತು, ನಾನು ಕಣ್ಣಿನಿಂದ ಎಣಿಸಿದೆ. ಮೊದಲನೆಯದಕ್ಕೆ ಐದು ಮೂಲೆ. ಇನ್ನೊಮ್ಮೆ ಎಣಿಸು ಎಂದರು. ಐದೇ. ಪಕ್ಕದ್ದು ಆರು. ಅದರ ಹಿಂದಿನದು ಏಳು. ಒಂದು ಮಗ್ಗುಲು ಚಿಕ್ಕದು, ಒಂದು ದೊಡ್ಡದು, ಒಂದರದು ಒಂದಕ್ಕೆ ಸರಿಯಾಗಿ ಕೂತಿದೆ, ಆದರೆ ಯಾವುದೂ ಇನ್ನೊಂದರ ಹಾಗಿಲ್ಲ ಎಂದು ಹೇಳಿದೆ. ಟೀಚರು ನಗತೊಡಗಿದರು. ಅಷ್ಟು ನಗುವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಎಲ್ಲವೂ ಆರಲ್ಲ ಎಂದು ಪುಸ್ತಕದಲ್ಲಿ ಓದಿದ್ದರಂತೆ, ಆದರೆ ಬರೆಯಲು ಸುಲಭವೆಂದು ಪ್ರತಿ ವರ್ಷ ಆರು ಮೂಲೆಯದನ್ನೇ ಬರೆದು ಬರೆದು ತಾವೇ ನಂಬಿಬಿಟ್ಟಿದ್ದರು. "ಮೂವತ್ ವರ್ಷ ಸುಳ್ ಬರ್ದೆ ಕಣಮ್ಮಿ" ಎಂದರು. "ಎಷ್ಟ್ ಐಕಳಿಗೆ ಔಟಾಫ್ ಔಟ್ ಕೊಟ್ಟಿದ್ದೀನಿ."

ಒಂದೊಂದು ಕಂಬವನ್ನೂ ಮುಟ್ಟಿ ನಡೆದೆವು. ಏಡಿಯೊಂದು ಅವರ ಬೆರಳ ಪಕ್ಕದಿಂದ ಸಂದಿಗೆ ಓಡಿತು. ಅದು ಅಡ್ಡ ಓಡಿತೋ ನೇರವೋ ಎಂದು ಕೇಳಿದರು. ಬಿಳಿಯ ಕಡಲ ಹಕ್ಕಿಗಳು ಬಾವುಟದ ಆಚೆಯ ಬಂಡೆಯ ಮೇಲೆ ಸಾಲಾಗಿ ಕೂತಿದ್ದವು, ಅಲೆ ಹೊಡೆದಾಗ ಎಲ್ಲ ಒಟ್ಟಿಗೆ ಎದ್ದು ಮತ್ತೆ ಅಲ್ಲೇ ಕೂರುತ್ತಿದ್ದವು. ಅದನ್ನೂ ಹೇಳಿದೆ. ಆ ಹೊತ್ತಿಗೆ ತೆಂಗಿನ ಮರದ ಮೇಲಿಂದ ಒಂದು ಗರುಡ ಬಂದು ನಮ್ಮ ತಲೆಯ ಮೇಲೆ ಸುತ್ತು ಹಾಕಿತು. ಕಂದು ರೆಕ್ಕೆ, ಬಿಳಿಯ ಕೊರಳು. ನಾನು ಮಾತು ನಿಲ್ಲಿಸಿದ್ದು ಅವರಿಗೆ ತಿಳಿಯಿತು. ಏನೆಂದು ಕೇಳಿದರು. ಗರುಡ ಎಂದೆ. ನನ್ನ ಎರಡು ಕೈಯೂ ಅವರನ್ನು ಹಿಡಿದುಕೊಂಡಿದ್ದವು.

"ಕೈ ಮುಗಿ" ಎಂದರು. "ನಾನು ಕಲ್ಲು ಇಡ್ಕಂಡಿರ್ತೀನಿ."

ಕೈಮುಗಿದೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಕೊನೆಗೆ ಅವರು ಕೇಳಿದ್ದು, ಕಂಬಗಳ ಕೆಳಗಿನ ಭಾಗ ಹೇಗಿದೆ, ನೀರಿನೊಳಗೆ ಹಾಗೇ ಇಳಿದಿವೆಯೇ ಎಂದು. ಅದು ಬಾವುಟದ ಆಚೆ ಇತ್ತು. ನನಗೆ ಕಂಡದ್ದು ನೊರೆ ಮಾತ್ರ. ಕಾವಲಿನವನನ್ನು ಕೇಳಿದರೆ, ನೀರು ಇಳಿಯುವುದು ಸಂಜೆ ಆರಕ್ಕೆ, ಅಷ್ಟು ಹೊತ್ತಿಗೆ ಇಲ್ಲಿ ದೋಣಿ ಇರುವುದಿಲ್ಲ ಎಂದ. ಕಾಣುವುದಿಲ್ಲ ಟೀಚರೇ ಎಂದೆ. ಓಗ್ಲಿ ಬುಡು ಎಂದರು. ದೋಣಿ ಹೊರಡುತ್ತದೆಂದು ಕಾವಲಿನವರು ಸೀಟಿ ಊದಿದರು. ದೋಣಿಗೆ ಇಳಿಯುವಾಗ ಅವರು ಎರಡು ಸಲ ಹಿಂದಕ್ಕೆ ತಿರುಗಿದರು.

ಆಪರೇಷನ್ ಆಯಿತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವಷ್ಟು ಬಂತು, ಅದಕ್ಕಿಂತ ಹೆಚ್ಚು ಬರಲಿಲ್ಲ. ಪ್ರಯಾಣ ಮಾಡದೆ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನಾನು ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಹೇಳಲು ಬರುವುದಿಲ್ಲ ಎಂದರು. ಮಲ್ಲಿಪಟ್ಟಣದಿಂದ ಅವರ ತಮ್ಮನ ಮಗಳು ಬಂದು ಜೊತೆಗಿದ್ದಳು. ಟೀಚರು ಗೋಡೆ ಹಿಡಿದುಕೊಂಡು ಅಂಗಳದಲ್ಲಿ ಸುತ್ತುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಕಿಡ್ನಿಗೂ ಬಂತು, ಸುತ್ತುವುದೂ ನಿಂತಿತು. ಓಡಾಡುತ್ತಿದ್ದವರು ಹಾಸಿಗೆಯ ಮೇಲೆ ಮಲಗಿ ಕಾಲಿನ ಬೆರಳು ಆಡಿಸುತ್ತಿದ್ದರು. ನನಗೆ ನಮ್ಮ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅವರ ಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ದೇವರ ಮುಂದೆ ಕೂತರೂ ನೊರೆಯೇ ಕಾಣುತ್ತಿತ್ತು.

ಮಳೆಗಾಲಕ್ಕೆ ನಿಲ್ಲಿಸಿದ್ದ ದೋಣಿಯನ್ನು ಕಾರ್ತಿಕದಲ್ಲಿ ದ್ವೀಪಕ್ಕೆ ಮತ್ತೆ ಬಿಡುತ್ತಾರೆ ಎಂದು ತಿಳಿಯಿತು. ಯಜಮಾನರಿಗೆ ಅಷ್ಟಮಿ ಯಾವತ್ತು ನೋಡಿ ಎಂದೆ. ಪರ್ವವಲ್ಲ, ಮುಟ್ಟುವ ಹಾಗಿಲ್ಲ ಎಂದರು. ಗೊತ್ತು ಎಂದೆ. ಅವರು ಪಂಚಾಂಗ ಮುಚ್ಚಿ ಪೆಟ್ಟಿಗೆಯ ಮೇಲಿಟ್ಟು, "ಹಾಗಾದರೆ ನಾನು ನೋಡೇ ಇಲ್ಲ ಅಂತಿಟ್ಕೋ" ಎಂದರು. ಇಂಥ ಗಂಡನನ್ನು ಕೊಟ್ಟದ್ದಕ್ಕೆ ಸ್ವಾಮಿಗೆ ಆವತ್ತು ಬೇರೆಯಾಗಿ ನಮಸ್ಕಾರ ಮಾಡಿದೆ.

ಅಷ್ಟಮಿಯ ಮಧ್ಯಾಹ್ನ ಕೆಂಪು ಬಾವುಟ ಹಿಂದೆ ಸರಿದಿತ್ತು. ನೀರು ಇಳಿದಿತ್ತು. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಕಾವಲಿನವನು ಇಷ್ಟೇ ಎಂದು ತೋರಿಸಿದ ಕಡೆಯವರೆಗೆ ಇಳಿದೆ. ಸಮುದ್ರ ಬಂದು ಕಾಲು ತೊಳೆಯಿತು. ನಾನು ಹಿಂದೆ ಸರಿಯಲಿಲ್ಲ. ಬಗ್ಗಿ ನೋಡಿದೆ, ನೋಡುತ್ತಲೇ ಇದ್ದೆ. ಯಜಮಾನರು ಮೇಲಿನಿಂದ ಹೊತ್ತಾಯಿತು ಎಂದು ಎರಡು ಸಲ ಕರೆದರು.

ಮಾರನೆಯ ದಿನ ಟೀಚರ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ. ಕೆಳಗೆ ಮುರಿದ ಕಂಬಗಳ ತಲೆಗಳೇ ಅಂಗಳಕ್ಕೆ ಕಲ್ಲು ಹಾಸಿದ ಹಾಗಿವೆ. ಪ್ರತಿ ಕಲ್ಲಿನ ನಡುವೆ ಅಂಗೈಯಷ್ಟು ತಗ್ಗು, ತಗ್ಗಿನಲ್ಲಿ ನೀರು, ನೀರಿನಲ್ಲಿ ಉಗುರಿನಷ್ಟು ಮೀನು. ಕಂಬಗಳ ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಹಸಿರು, ಅದರ ತುಂಬ ಬಿಳಿಯ ಚುಕ್ಕಿಯಂಥ ಚಿಪ್ಪು, ಮುಟ್ಟಿದರೆ ಕೊಯ್ಯುತ್ತದೆ. ನೂರ ನಾಲ್ಕು ಕಲ್ಲು ಎಣಿಸಿದೆ, ಆರು ಮೂಲೆಯವು ಅರ್ಧಕ್ಕಿಂತ ಕಡಿಮೆ. ಟೀಚರು ಕಣ್ಣು ಮುಚ್ಚಿಕೊಂಡು ಕೇಳಿದರು. ಮೀನಿನ ಬಣ್ಣ ಕೇಳಿದರು. ಚಿಪ್ಪು ಬಿಡಿಬಿಡಿಯಾಗಿತ್ತೋ ಗುಂಪಾಗಿತ್ತೋ ಕೇಳಿದರು. ಆಮೇಲೆ, "ಅಷ್ಟಮಿ ದಿನ ಕಾಲು ಒದ್ದೆ ಮಾಡ್ಕಂಡಾ?" ಎಂದರು. ಮಾಡಿಕೊಂಡೆ ಎಂದೆ. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಕಂಬದ ಬುಡ ಕಾಣಿಸ್ತಾ?"

"ಇಲ್ಲ ಟೀಚರೇ. ನೀರೊಳಗೆ ಇಳಿದು ಹೋಗಿವೆ. ಎಷ್ಟು ಬಗ್ಗಿದರೂ ಬುಡ ಕಾಣಲಿಲ್ಲ."

"ಎರಡು ಕಣ್ಣಿರೋಳಿಗೂ ಕಾಣ್ಲಿಲ್ವಾ" ಎಂದರು. "ಅಂಗಾರೆ ನಂಗೆ ತಪ್ಪೋಗಿದ್ದು ಅಂತದ್ದೇನಿಲ್ಲ ಬುಡು."

ಹತ್ತೊಂಬತ್ತು ದಿನದ ಮೇಲೆ, ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋಗುವ ಹೊತ್ತಿಗೆ ಅವರು ಹೋಗಿದ್ದರು. ಮಲ್ಲಿಪಟ್ಟಣದವರು ಬಂದು ಅವರ ಜಮೀನಿಗೆ ತೆಗೆದುಕೊಂಡು ಹೋದರು. ಆ ಕೊನೆಯ ಮಾತು ನನ್ನ ಸಮಾಧಾನಕ್ಕೆ ಹೇಳಿದ್ದು. ಅವರಿಗೆ ತಪ್ಪಿಹೋದದ್ದು ಎಷ್ಟೆಂದು ನಾನು ಕಣ್ಣಾರೆ ಕಂಡು ಬಂದವಳು.